ಅಮ್ಮನ ವಸಡಿನಲ್ಲಿ ರಕ್ತ: ಬೇವಿನ ಕಡ್ಡಿ, ತ್ರಿಫಲೆ ಸಾಕೇ, ಹಲ್ಲು ಕ್ಲೀನಿಂಗ್ ಮಾಡಿಸಲೇಬೇಕೇ?

ಹೊಸದುರ್ಗದ ಮಗಳು (ಸೋಮವಾರ, ಬೆಳಿಗ್ಗೆ 8.10)

ಎಲ್ಲರಿಗೂ ನಮಸ್ಕಾರ. ಅಮ್ಮನಿಗೆ 61 ವರ್ಷ. ಹೊಸದುರ್ಗದ ಹತ್ತಿರದ ಹಳ್ಳಿಯಲ್ಲಿ ಅಣ್ಣನ ಮನೆಯಲ್ಲಿದ್ದಾರೆ, ನಾನು ಬೆಂಗಳೂರಿನಲ್ಲಿದ್ದೇನೆ. ಅಮ್ಮ ಪೇಸ್ಟ್ ಮುಟ್ಟಿದವರೇ ಅಲ್ಲ. ಬೆಳಗಾದರೆ ಹಿತ್ತಲ ಬೇವಿನ ಮರದಿಂದ ಒಂದು ಕಡ್ಡಿ ಮುರಿದು, ಸೊಪ್ಪು ಸವರಿ, ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕುಳಿತು ತುದಿಯನ್ನು ಜಗಿದು ಜಗಿದು ನಾರು ಮಾಡಿಕೊಂಡು ಉಜ್ಜುತ್ತಾರೆ. ಕೊನೆಗೆ ಅದೇ ಕಡ್ಡಿಯನ್ನು ಉದ್ದಕ್ಕೆ ಸೀಳಿ ನಾಲಿಗೆ ಕೆರೆದುಕೊಳ್ಳುತ್ತಾರೆ. ವಾರಕ್ಕೆರಡು ದಿನ ಉಪ್ಪು, ಅರಿಶಿನ, ಎಳ್ಳೆಣ್ಣೆ ಕಲಸಿ ಬೆರಳಿನಿಂದ ವಸಡು ತಿಕ್ಕುತ್ತಾರೆ.

ಹೋದ ವಾರ ಊರಿಗೆ ಹೋಗಿದ್ದಾಗ ಪಕ್ಕದಲ್ಲೇ ನಿಂತಿದ್ದೆ. ಅವರು ಬಾಯಿ ಮುಕ್ಕಳಿಸಿ ಉಗುಳಿದ ನೀರು ಕಲ್ಲಿನ ಮೇಲೆ ಕೆಂಪಾಗಿ ಹರಿಯಿತು. ಎಷ್ಟು ದಿನದಿಂದ ಹೀಗೆ ಎಂದು ಕೇಳಿದರೆ, "ಯುಗಾದಿ ಕಳೆದ ಮೇಲೆ ಶುರುವಾಯಿತು. ಬೇವು ಕೆಟ್ಟ ರಕ್ತ ತೆಗೆಯುತ್ತಿದೆ ಬಿಡು" ಎಂದರು. ನಾಲ್ಕು ತಿಂಗಳು ಯಾರಿಗೂ ಹೇಳಿಲ್ಲ!

ಹಟ ಮಾಡಿ ಪೇಟೆಯ ದಂತವೈದ್ಯರ ಹತ್ತಿರ ಕರೆದುಕೊಂಡು ಹೋದೆ. ಕ್ಲೀನಿಂಗ್ ಆಗಬೇಕು, ಕೆಲವು ಹಲ್ಲುಗಳಿಗೆ ವಸಡಿನ ಒಳಗೂ ಮಾಡಬೇಕು, ಎರಡು ಮೂರು ಸಲ ಬರಬೇಕು ಎಂದರು. ಮನೆಗೆ ಬಂದರೆ ದೊಡ್ಡಮ್ಮ, "ನನಗೂ ಹಾಗೆಯೇ ಮಾಡಿದರು, ಮುಂದಿನ ಎರಡು ಹಲ್ಲು ಅಲುಗಾಡತೊಡಗಿದವು" ಎಂದುಬಿಟ್ಟರು. ಈಗ ಅಮ್ಮ ಸುತರಾಂ ಒಪ್ಪುತ್ತಿಲ್ಲ.

ತ್ರಿಫಲೆಯ ಕಷಾಯ, ಲವಂಗದ ಎಣ್ಣೆ, ಎಣ್ಣೆ ಮುಕ್ಕಳಿಸುವುದು ಇವುಗಳಿಂದಲೇ ಗುಣವಾದವರು ಇಲ್ಲಿದ್ದಾರೆಯೇ? ಎಷ್ಟು ದಿನ ಮಾಡಬೇಕು?

ಬಯಲುಸೀಮೆ (8.25)

ಸೀಬೆ ಎಲೆ ಏಳೆಂಟು ಕುದಿಸಿ, ಚಿಟಿಕೆ ಉಪ್ಪು ಹಾಕಿ, ಉಗುರುಬೆಚ್ಚಗಿರುವಾಗ ಮುಕ್ಕಳಿಸಲಿ. ನನ್ನ ಹೆಂಡತಿಗೆ ಬಸುರಿಯಾಗಿದ್ದಾಗ ವಸಡಿನಲ್ಲಿ ರಕ್ತ ಬರುತ್ತಿತ್ತು, ಇದರಿಂದ ನಿಂತಿತು.

ತೀರ್ಥಹಳ್ಳಿ ತೋಟ (8.52)

ತಂಗಿ, ಕ್ಲೀನಿಂಗ್ ಬೇಡವೇ ಬೇಡ. ನಮ್ಮ ಅಜ್ಜ ತೊಂಬತ್ತರ ಹತ್ತಿರ ಬದುಕಿದ್ದರು, ಕೊನೆಯವರೆಗೂ ಕಬ್ಬು ಸಿಗಿದು ತಿನ್ನುತ್ತಿದ್ದರು. ಅವರು ಕಂಡಿದ್ದು ಮಾವಿನ ಎಲೆ ಮತ್ತು ಹೊಂಗೆಯ ಕಡ್ಡಿ ಮಾತ್ರ. ಅಳಲೆ, ತಾರೆ, ನೆಲ್ಲಿ ಮೂರನ್ನೂ ಸಮ ಪಾಲು ಪುಡಿ ಮಾಡಿ, ಒಂದು ಚಮಚವನ್ನು ಎರಡು ಲೋಟ ನೀರಿಗೆ ಹಾಕಿ ಅರ್ಧಕ್ಕೆ ಇಳಿಸಿ, ಸೋಸಿ, ದಿನಕ್ಕೆರಡು ಸಲ ಬಾಯಲ್ಲಿ ಹಿಡಿಯಲಿ. ಒಗರು ವಸಡನ್ನು ಬಿಗಿ ಮಾಡುತ್ತದೆ. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಒಂದು ಚಮಚ ಎಳ್ಳೆಣ್ಣೆ, ಹತ್ತು ನಿಮಿಷ. ಒಂದು ಮಂಡಲ ಮಾಡಿ ನೋಡಿ, 48 ದಿನ.

ದಾವಣಗೆರೆ ಬೆಣ್ಣೆ (9.05)

ಎಳ್ಳೆಣ್ಣೆಗಿಂತ ಕೊಬ್ಬರಿ ಎಣ್ಣೆ ಒಳ್ಳೆಯದು, ವಾಸನೆ ಇರುವುದಿಲ್ಲ.

ತೀರ್ಥಹಳ್ಳಿ ತೋಟ (9.11)

ಶಾಸ್ತ್ರದಲ್ಲಿ ಹೇಳಿರುವುದು ತಿಲತೈಲ. ಕೊಬ್ಬರಿ ಎಣ್ಣೆ ಈಚೆಗೆ ಮೊಬೈಲ್ ವಿಡಿಯೊಗಳಿಂದ ಬಂದದ್ದು.

ಹುಬ್ಬಳ್ಳಿ ದಂತವೈದ್ಯೆ (10.40)

ಹೊಸದುರ್ಗದವರೇ, ಹದಿನೆಂಟು ವರ್ಷದಿಂದ ವಸಡು ನೋಡುತ್ತಿದ್ದೇನೆ. ನಿಮ್ಮ ಅಮ್ಮನ ಬಾಯಿ ನೋಡದೆ ಖಚಿತವಾಗಿ ಹೇಳಲಾರೆ, ಆದರೆ ನಾಲ್ಕು ತಿಂಗಳ ರಕ್ತ ಕಾಯುವ ಮಾತಲ್ಲ.

ನಿಮ್ಮ ಕಡೆ ಬೋರ್‌ವೆಲ್ ನೀರು ತಾನೇ? ನೀರು ಕಾಯಿಸುವ ಹಂಡೆಯ ಒಳಗೆ ಬಿಳಿಯ ಸುಣ್ಣದ ಪದರ ಕಟ್ಟಿರುತ್ತದಲ್ಲ, ಅದನ್ನು ಬರೀ ನೀರು ಹಾಕಿ ಎಷ್ಟು ತಿಕ್ಕಿದರೂ ಬಿಡುವುದಿಲ್ಲ, ಕೊನೆಗೆ ಕೆರೆದೇ ತೆಗೆಯಬೇಕು. ಹಲ್ಲಿನಲ್ಲೂ ಇದೇ ನಡೆಯುತ್ತದೆ. ಉಂಡ ಮೇಲೆ ಹಲ್ಲಿನ ಬುಡದಲ್ಲಿ ಮೆತ್ತನೆಯ ಪಾಚಿ ಕೂರುತ್ತದೆ. ಅದು ಮೆತ್ತಗಿರುವವರೆಗೆ ಬೇವಿನ ಕಡ್ಡಿಯೂ ತೆಗೆಯುತ್ತದೆ, ಬ್ರಶ್ಶೂ ತೆಗೆಯುತ್ತದೆ. ಉಳಿದುಬಿಟ್ಟರೆ ಎಂಜಲಿನಲ್ಲಿರುವ ಸುಣ್ಣದ ಅಂಶ ಸೇರಿ ಕೆಲವೇ ದಿನಗಳಲ್ಲಿ ಕಿಟ್ಟವಾಗಿ ಗಟ್ಟಿಯಾಗುತ್ತದೆ. ಆಮೇಲೆ ಯಾವ ಕಷಾಯಕ್ಕೂ, ಯಾವ ಎಣ್ಣೆಗೂ, ಯಾವ ಪೇಸ್ಟಿಗೂ ಅದು ಜಗ್ಗುವುದಿಲ್ಲ. ಕೆಳಗಿನ ಮುಂದಿನ ಹಲ್ಲುಗಳ ಹಿಂಭಾಗವನ್ನು ಟಾರ್ಚ್ ಹಾಕಿ ನೋಡಿ. ಎಂಜಲಿನ ಗ್ರಂಥಿ ನಾಲಿಗೆಯ ಕೆಳಗೆ ಅಲ್ಲೇ ತೆರೆದುಕೊಳ್ಳುವುದರಿಂದ ಹಳದಿ ಕಟ್ಟೆ ಹೆಚ್ಚಾಗಿ ಅಲ್ಲೇ ಕಟ್ಟುತ್ತದೆ. ಬೇವಿನ ಕಡ್ಡಿ ತಲುಪಲು ಕಷ್ಟವಾದ ಜಾಗವೂ ಅದೇ.

ದೊಡ್ಡಮ್ಮನವರು ಸುಳ್ಳು ಹೇಳುತ್ತಿಲ್ಲ. ಅವರ ಹಲ್ಲು ಮೊದಲೇ ಸಡಿಲವಾಗಿತ್ತು, ಎಲುಬು ಕರಗಿತ್ತು. ಕಿಟ್ಟವೇ ಹಲ್ಲುಗಳನ್ನು ಒಂದಕ್ಕೊಂದು ಅಂಟಿಸಿ ಹಿಡಿದಿತ್ತು. ಅದನ್ನು ತೆಗೆದ ಮೇಲೆ ಅಲುಗಾಟ ಗೊತ್ತಾಯಿತು, ಅಷ್ಟೆ.

ಮೂರು ಪ್ರಶ್ನೆ. ಅಮ್ಮನಿಗೆ ಸಕ್ಕರೆ ಕಾಯಿಲೆ ಇದೆಯೇ, ಪರೀಕ್ಷೆ ಮಾಡಿಸಿ ಎಷ್ಟು ದಿನವಾಯಿತು? ಬಿಪಿಗೆ ಯಾವ ಮಾತ್ರೆ? ರಕ್ತ ತೆಳುವಾಗಲು ಆಸ್ಪಿರಿನ್ ತರಹದ್ದು ಏನಾದರೂ ತೆಗೆದುಕೊಳ್ಳುತ್ತಾರೆಯೇ?

ಹೊಸದುರ್ಗದ ಮಗಳು (11.02)

ಡಾಕ್ಟರೇ, ಬಿಪಿಗೆ ಅಮ್ಲೊಡಿಪಿನ್ ಮೂರು ವರ್ಷದಿಂದ. ಆಸ್ಪಿರಿನ್ ಇಲ್ಲ. ಸಕ್ಕರೆ ಯಾವತ್ತೂ ಪರೀಕ್ಷೆ ಮಾಡಿಸಿಲ್ಲ.

ಹುಬ್ಬಳ್ಳಿ ದಂತವೈದ್ಯೆ (11.09)

ಅಮ್ಲೊಡಿಪಿನ್‌ನಿಂದ ಕೆಲವರಿಗೆ ವಸಡು ದಪ್ಪವಾಗಿ ಉಬ್ಬುತ್ತದೆ. ನೀವಾಗಿಯೇ ಮಾತ್ರೆ ನಿಲ್ಲಿಸಬೇಡಿ, ಬರೆದುಕೊಟ್ಟ ವೈದ್ಯರಿಗೆ ವಸಡಿನ ವಿಷಯ ತಿಳಿಸಿ. ಸಕ್ಕರೆಯನ್ನು ಇದೇ ವಾರ ಪರೀಕ್ಷೆ ಮಾಡಿಸಿ. ಸಕ್ಕರೆ ಹೆಚ್ಚಿದ್ದರೆ ವಸಡು ಹಾಳಾಗುತ್ತದೆ, ವಸಡು ಹಾಳಾದರೆ ಸಕ್ಕರೆ ಹತೋಟಿಗೆ ಬರುವುದೂ ಕಷ್ಟ. ಎರಡೂ ಒಂದಕ್ಕೊಂದು ಗಂಟುಬಿದ್ದಿವೆ.

ಮಂಡ್ಯದ ಗಾಣ (11.30)

ಎಲ್ಲದಕ್ಕೂ ಪರೀಕ್ಷೆ, ಎಲ್ಲದಕ್ಕೂ ಮಿಷನ್. ನಮ್ಮ ಹಿರಿಯರು ಸುಶ್ರುತ, ಚರಕರನ್ನು ನಂಬಿ ಬದುಕಿದ್ದರು. ಅವರ ಕಾಲದಲ್ಲಿ ಯಾವ ಕ್ಲೀನಿಂಗ್ ಇತ್ತು? ನಮ್ಮ ವಿದ್ಯೆಯನ್ನು ನಾವೇ ಕಡೆಗಣಿಸಿದರೆ ಬೇರೆಯವರು ಬಂದು ಬೇವಿಗೆ ಪೇಟೆಂಟ್ ಮಾಡಿಸಿಕೊಳ್ಳುತ್ತಾರೆ. ಮಾಡಿಸಿಕೊಂಡೂ ಇದ್ದರು!

ಶಿವಮೊಗ್ಗ ವೈದ್ಯ (ಮಧ್ಯಾಹ್ನ 1.15)

ನಾನು ಆಯುರ್ವೇದ ಓದಿ ಅದರಲ್ಲೇ ವೃತ್ತಿ ಮಾಡುತ್ತಿರುವವನು. ಮಂಡ್ಯದವರ ಅಭಿಮಾನ ನನಗೆ ಅರ್ಥವಾಗುತ್ತದೆ. ಆದರೆ ಸುಶ್ರುತರ ಹೆಸರು ಹೇಳಿ ಕ್ಲೀನಿಂಗ್ ಬೇಡ ಎಂದರೆ ನಾನು ಸುಮ್ಮನಿರಲಾರೆ.

ಸುಶ್ರುತ ಸಂಹಿತೆ ಬಾಯಿಯ ರೋಗಗಳನ್ನು 65 ಎಂದು ಎಣಿಸುತ್ತದೆ. ಅದರಲ್ಲಿ ಹಲ್ಲಿನ ಮೇಲೆ ಗಟ್ಟಿಗಟ್ಟಿದ ಕೊಳೆಗೆ 'ದಂತಶರ್ಕರಾ' ಎಂದು ಹೆಸರು. ಶರ್ಕರಾ ಎಂದರೆ ಹರಳು, ಮರಳು. ನಾಲಿಗೆಯಿಂದ ಸವರಿದರೆ ಒರಟೊರಟಾಗಿ ಸಿಗುವ ಆ ಕಿಟ್ಟವೇ ಇದು. ಚಿಕಿತ್ಸೆ ಏನು? "ಅಹಿಂಸನ್ ದಂತಮೂಲಾನಿ ಶರ್ಕರಾಮುದ್ಧರೇದ್ಭಿಷಕ್". ಹಲ್ಲಿನ ಬುಡಕ್ಕೆ ಪೆಟ್ಟಾಗದಂತೆ ವೈದ್ಯನು ಆ ಶರ್ಕರೆಯನ್ನು ಎತ್ತಿ ತೆಗೆಯಬೇಕು. ಅದಕ್ಕೆಂದೇ 'ದಂತಶಂಕು' ಎಂಬ ಶಸ್ತ್ರ ಹೇಳಿದ್ದಾರೆ. ತೆಗೆದ ಮೇಲೆ ಅರಗಿನ ಪುಡಿಯನ್ನು ಜೇನುತುಪ್ಪದಲ್ಲಿ ಕಲಸಿ ತಿಕ್ಕಬೇಕು. ಮೊದಲು ಶಸ್ತ್ರ, ಆಮೇಲೆ ಔಷಧಿ. ಕ್ರಮ ಅದು. ಹುಬ್ಬಳ್ಳಿಯ ಡಾಕ್ಟರ್ ಹೇಳಿದ್ದನ್ನೇ ಸುಶ್ರುತರು ಹೇಳಿದ್ದಾರೆ. ಉಪಕರಣ ಬದಲಾಗಿದೆ, ಕೆಲಸ ಬದಲಾಗಿಲ್ಲ.

ಮಂಡ್ಯದ ಗಾಣ (1.40)

ವೈದ್ಯರೇ, ಕೆಟ್ಟ ರಕ್ತ ಹೋಗಬೇಕು ಎಂಬುದೂ ಗ್ರಂಥದಲ್ಲೇ ಇದೆಯಲ್ಲ? ವಸಡಿನಿಂದ ರಕ್ತ ತೆಗೆಯಬೇಕು ಎಂದು ನಾನೇ ಕೇಳಿದ್ದೇನೆ.

ಶಿವಮೊಗ್ಗ ವೈದ್ಯ (2.20)

ಇದೆ, ಇಲ್ಲವೆನ್ನುವುದಿಲ್ಲ. ಕೀವು, ರಕ್ತ ಸೋರಿ ಹಲ್ಲು ಅಲುಗಾಡುವುದಕ್ಕೆ 'ದಂತವೇಷ್ಟ' ಎನ್ನುತ್ತಾರೆ, ಅದು ದುಷ್ಟ ರಕ್ತದಿಂದ ಬರುತ್ತದೆ ಎಂದೇ ಹೇಳಿದ್ದಾರೆ. ಅಲ್ಲಿ ರಕ್ತ ತೆಗೆಯುವುದು ವೈದ್ಯ ಮಾಡುವ ಚಿಕಿತ್ಸೆ, ಒಂದು ಅಳತೆಯಿದೆ, ನಂತರ ಲೇಪ, ಗಂಡೂಷ (ಔಷಧಿಯನ್ನು ಬಾಯಿ ತುಂಬ ಹಿಡಿಯುವುದು) ಎಲ್ಲವೂ ಇವೆ. ಮನೆಯಲ್ಲಿ ತಾನಾಗಿ ರಕ್ತ ಸೋರಿದರೆ ಅದು ಚಿಕಿತ್ಸೆಯಲ್ಲ, ಅದೇ ರೋಗದ ಲಕ್ಷಣ. ತಾಯಿಯವರಿಗೆ ದಯವಿಟ್ಟು ಈ ವ್ಯತ್ಯಾಸ ತಿಳಿಸಿ.

ಇನ್ನೊಂದು ಮಾತು, ಬೇವಿನ ಕಡ್ಡಿ ಉಜ್ಜುವ ಎಲ್ಲರಿಗೂ. ಅಷ್ಟಾಂಗಹೃದಯ ಎಂಬ ಆಯುರ್ವೇದ ಗ್ರಂಥದ ದಿನಚರ್ಯೆಯ ಅಧ್ಯಾಯದಲ್ಲಿ ಕಡ್ಡಿ ಹೇಗಿರಬೇಕು ಎಂದು ಸ್ಪಷ್ಟವಾಗಿದೆ: ಕಿರುಬೆರಳ ತುದಿಯಷ್ಟು ದಪ್ಪ, ಹನ್ನೆರಡು ಅಂಗುಲ ಉದ್ದ, ಗಂಟಿಲ್ಲದೆ ನೇರ, ತುದಿ ಮೃದು. ಬೆಳಿಗ್ಗೆ ಒಂದು ಸಲ, ಉಂಡ ಮೇಲೆ ಇನ್ನೊಂದು ಸಲ. ಉಜ್ಜುವುದು "ದಂತಮಾಂಸಾನ್ಯಬಾಧಯನ್", ಅಂದರೆ ವಸಡಿಗೆ ನೋವಾಗದಂತೆ. ಬಾಯಿ ಹುಣ್ಣಾದವರು, ಜ್ವರ, ಕೆಮ್ಮು, ದಮ್ಮು, ಅಜೀರ್ಣ ಇರುವವರು ಕಡ್ಡಿ ಬಳಸಲೇಬಾರದು ಎಂಬುದೂ ಅಲ್ಲೇ ಇದೆ. ನಾವು ಬೆಳಗಿನದ್ದನ್ನು ಇಟ್ಟುಕೊಂಡೆವು, ಉಂಡ ಮೇಲಿನದ್ದನ್ನು ಬಿಟ್ಟೆವು, ನಿಷೇಧವನ್ನು ಮರೆತೇಬಿಟ್ಟೆವು.

ನಿವೃತ್ತ ಮೇಷ್ಟ್ರು, ಗದಗ (2.45)

ಡಾಕ್ಟರೇ, ಉಂಡ ಮೇಲೆ ಉಜ್ಜಬೇಕು ಎಂಬುದು ನನಗೆ ಹೊಸದು. ಇದನ್ನು ನನಗೆ ಯಾರಾದರೂ ನಲವತ್ತು ವರ್ಷ ಮೊದಲು ಹೇಳಿದ್ದರೆ ದವಡೆ ಹಲ್ಲು ನಾಲ್ಕು ಉಳಿಯುತ್ತಿದ್ದವು. ಶಾಲೆಯಲ್ಲಿ ಮಕ್ಕಳಿಗೆ ಬೆಳಿಗ್ಗೆ ಹಲ್ಲುಜ್ಜಿ ಎಂದೇ ಕಲಿಸಿದೆ. ರಾತ್ರಿಯ ಮಾತನ್ನು ಪಾಠದಲ್ಲಿ ಒತ್ತಿ ಹೇಳಲಿಲ್ಲವಲ್ಲ ಎಂದು ಈಗ ಬೇಸರವಾಗುತ್ತದೆ.

ತೀರ್ಥಹಳ್ಳಿ ತೋಟ (3.10)

ನಮ್ಮ ಅಜ್ಜನ ವಿಷಯಕ್ಕೆ ಯಾರೂ ಉತ್ತರ ಕೊಡಲಿಲ್ಲ.

ಅಡುಗೆಮನೆ ಅತ್ತೆ (3.32)

ತೋಟದವರೇ, ನಾನು ಕೊಡುತ್ತೇನೆ. ನಮ್ಮ ಅಜ್ಜಿಯೂ ಹೊಂಗೆಯ ಕಡ್ಡಿಯಲ್ಲೇ ಉಜ್ಜಿದವಳು. ಐವತ್ತು ತುಂಬುವ ಮೊದಲೇ ಬೊಚ್ಚು ಬಾಯಿ. ಎಲೆ ಅಡಿಕೆಯನ್ನು ಕುಟ್ಟಾಣಿಯಲ್ಲಿ ಕುಟ್ಟಿ ಹಾಕಿಕೊಳ್ಳುತ್ತಿದ್ದಳು, ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿ ಕೊಡಬೇಕಿತ್ತು. ಹಲ್ಲು ಉಳಿದ ಅಜ್ಜಂದಿರ ಕಥೆಯನ್ನು ಎಲ್ಲರೂ ಹೇಳುತ್ತಾರೆ. ಹಲ್ಲು ಹೋದ ಅಜ್ಜಿಯರ ಕಥೆಯನ್ನು ಯಾರೂ ಹೇಳುವುದಿಲ್ಲ. ಅವರೂ ಅದೇ ಕಡ್ಡಿ ಹಿಡಿದವರು. ನಿಮ್ಮ ಅಜ್ಜ ಚಹಾಕ್ಕೆ ಎಷ್ಟು ಚಮಚ ಸಕ್ಕರೆ ಹಾಕಿಕೊಳ್ಳುತ್ತಿದ್ದರು? ಬಿಸ್ಕತ್ತು ತಿನ್ನುತ್ತಿದ್ದರೇ?

ತೀರ್ಥಹಳ್ಳಿ ತೋಟ (3.50)

ಬಿಸ್ಕತ್ತು ಕಂಡವರಲ್ಲ. ಬೆಲ್ಲದ ಕಾಫಿ, ಅದೂ ದಿನಕ್ಕೆ ಒಂದು ಲೋಟ. ನಿಮ್ಮ ಮಾತಿನಲ್ಲಿ ಸತ್ಯವಿದೆ, ಒಪ್ಪಿದೆ. ಆದರೆ ಎಲೆ ಅಡಿಕೆಯನ್ನು ಎಳೆದು ತರಬೇಡಿ. ಊಟವಾದ ಮೇಲೆ ತಾಂಬೂಲ ಹಾಕುವುದು ಹಲ್ಲಿಗೆ ಒಳ್ಳೆಯದು, ಹಳೆಯ ಹಲ್ಲುಪುಡಿಗಳಲ್ಲಿ ಅಡಿಕೆಯ ಬೂದಿ ಹಾಕುತ್ತಿದ್ದರು.

ಹುಬ್ಬಳ್ಳಿ ದಂತವೈದ್ಯೆ (ಸಂಜೆ 6.05)

ಅಡಿಕೆ ಬೆಳೆಗಾರರ ಮನಸ್ಸು ನೋಯಿಸುವುದು ನನಗೆ ಇಷ್ಟವಿಲ್ಲ, ನನ್ನ ತವರೂ ಶಿರಸಿ. ಆದರೆ ಅಡಿಕೆಯ ಬೂದಿ ಬೇರೆ, ದಿನವಿಡೀ ಅಡಿಕೆ ಜಗಿಯುವುದು ಬೇರೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಅಡಿಕೆಯನ್ನು ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿದೆ, ತಂಬಾಕು ಸೇರದಿದ್ದರೂ ಸರಿ. ಕೆನ್ನೆಯ ಒಳಭಾಗ ಬಿಗಿದು ಬಾಯಿ ಎರಡು ಬೆರಳು ಮಾತ್ರ ತೆರೆಯುವ ಹುಡುಗರು ನನ್ನ ಹತ್ತಿರ ಬರುತ್ತಾರೆ. ಇಪ್ಪತ್ತೆರಡು ವರ್ಷದ ಒಬ್ಬನಿಗೆ ಚಪಾತಿ ಸುತ್ತಿ ಬಾಯೊಳಗೆ ಇಡಲೂ ಆಗುತ್ತಿರಲಿಲ್ಲ. ಇದನ್ನು ಕಣ್ಣಾರೆ ಕಂಡು ಸುಮ್ಮನಿರಲು ನನ್ನಿಂದ ಆಗದು.

ತೀರ್ಥಹಳ್ಳಿ ತೋಟ (6.40)

ಅದು ಗುಟ್ಕಾದ ಹುಡುಗರ ಕಥೆ ಇರಬೇಕು. ಈ ಚರ್ಚೆಯನ್ನು ಬೇರೆ ಇಟ್ಟುಕೊಳ್ಳೋಣ, ಇಲ್ಲಿ ತಂಗಿಯ ಅಮ್ಮನ ವಿಷಯ ಮುಖ್ಯ.

ಕಾಸರಗೋಡು ಕನ್ನಡತಿ (7.15)

ನಮ್ಮಲ್ಲಿ ಭತ್ತದ ಹೊಟ್ಟನ್ನು ಸುಟ್ಟು, ಆ ಕರಿಗೆ ಉಪ್ಪು, ಕಾಳುಮೆಣಸು ಸೇರಿಸಿ ಪುಡಿ ಮಾಡಿ ಭರಣಿಯಲ್ಲಿ ಇಡುತ್ತಿದ್ದರು. ಬಾವಿಕಟ್ಟೆಯ ಹತ್ತಿರ ಒಂದು ತೆಂಗಿನ ಗೆರಟೆಯಲ್ಲಿ ಪುಡಿ, ಪಕ್ಕದಲ್ಲಿ ಮಾವಿನ ಎಲೆ. ಎಲೆಯನ್ನು ಉದ್ದಕ್ಕೆ ಮಡಚಿ, ನಡುವಿನ ನರ ತೆಗೆದು, ಪುಡಿ ಅದ್ದಿ ಉಜ್ಜಿದರೆ ಹಲ್ಲು ಕಿರ್ರೆನ್ನುತ್ತಿತ್ತು. ಆ ಸದ್ದು ಈಗಲೂ ಕಿವಿಯಲ್ಲಿದೆ. ಅದನ್ನು ಮತ್ತೆ ಶುರು ಮಾಡಬಹುದೇ?

ಹುಬ್ಬಳ್ಳಿ ದಂತವೈದ್ಯೆ (7.31)

ಆ ಕಿರ್ರೆನ್ನುವ ಸದ್ದೇ ಎಚ್ಚರಿಕೆ. ಭತ್ತದ ಹೊಟ್ಟಿನ ಬೂದಿಯಲ್ಲಿ ಬಹುಪಾಲು ಸಿಲಿಕಾ, ಮರಳಿನಲ್ಲಿರುವುದೇ. ಇದ್ದಿಲು, ಇಟ್ಟಿಗೆ ಪುಡಿ, ಒರಟು ಉಪ್ಪು ಎಲ್ಲವೂ ಹೀಗೆಯೇ. ಹಲ್ಲು ಫಳಫಳ ಹೊಳೆಯುತ್ತದೆ, ಹೊಳೆಯುವುದು ಮೇಲಿನ ಪದರ ಸವೆದು. ಹೋದ ಪದರ ಮತ್ತೆ ಬೆಳೆಯುವುದಿಲ್ಲ. ಮಾವಿನ ಎಲೆಯನ್ನು ಮಾತ್ರ ಇಟ್ಟುಕೊಳ್ಳಿ.

ಮೈಸೂರು ಮಲ್ಲಿಗೆ (7.48)

ನಂಜನಗೂಡು ಹಲ್ಲುಪುಡಿ ಯಾರಿಗೆ ನೆನಪಿದೆ? ಬೆಳಿಗ್ಗೆ ಅಂಗೈಯಲ್ಲಿ ಇಷ್ಟು ಪುಡಿ ಹಾಕಿಸಿಕೊಂಡು ತಮ್ಮಂದಿರು ಅರ್ಧ ನುಂಗಿಬಿಡುತ್ತಿದ್ದರು. ಅದನ್ನು ತಯಾರಿಸಿದ ಸದ್ವೈದ್ಯಶಾಲೆ 1913ರಲ್ಲಿ ಶುರುವಾದದ್ದು.

ನಿವೃತ್ತ ಮೇಷ್ಟ್ರು, ಗದಗ (7.55)

ಮೈಸೂರು ಕಡೆ ನೆಂಟರ ಮನೆಗೆ ಹೋದರೆ ಅದೇ. ರೈಲು ಇಳಿದು ಮನೆ ಸೇರಿದ ಕೂಡಲೇ ಒಂದು ಚೊಂಬು ನೀರು, ಒಂದು ಚಿಟಿಕೆ ಪುಡಿ.

ಕಲಬುರಗಿ ಅತ್ತರ್ (ರಾತ್ರಿ 8.20)

ನಮ್ಮ ಮನೆಯಲ್ಲಿ ಮಿಸ್ವಾಕ್. ಮಸೀದಿಯ ಬಾಗಿಲಲ್ಲಿ ಮಾರುತ್ತಾರೆ, ಹಜ್‌ಗೆ ಹೋಗಿ ಬಂದವರೂ ಕಟ್ಟು ಕಟ್ಟು ತಂದು ಹಂಚುತ್ತಾರೆ. ಪೀಲು ಎಂಬ ಮರದ ಬೇರು ಅದು. ಅಬ್ಬಾಜಾನ್ ಪ್ರತಿ ನಮಾಜಿನ ಮೊದಲು ಉಜ್ಜುತ್ತಿದ್ದರು, ಅಂದರೆ ದಿನಕ್ಕೆ ಐದು ಸಲ. ನಾರು ಮುದುಡಿದ ತುದಿಯನ್ನು ಎರಡು ಮೂರು ದಿನಕ್ಕೊಮ್ಮೆ ಕತ್ತರಿಸಿ ಹೊಸದಾಗಿ ಜಗಿಯಬೇಕು. ವೈದ್ಯರು ಉಂಡ ಮೇಲೆ ಉಜ್ಜುವ ಮಾತು ಹೇಳಿದಾಗ ನನಗೆ ಅದೇ ನೆನಪಾಯಿತು. ಬೇವಿರಲಿ, ಪೀಲು ಇರಲಿ, ಎಷ್ಟು ಸಲ ಉಜ್ಜುತ್ತೀರಿ ಎನ್ನುವುದೇ ಮುಖ್ಯ ಎಂದು ನನ್ನ ಅನಿಸಿಕೆ.

ಶಿವಮೊಗ್ಗ ವೈದ್ಯ (8.34)

ಅತ್ತರ್ ಸಾಹೇಬರೇ, ನೂರಕ್ಕೆ ನೂರು ಸರಿ.

ಪಾವಗಡದವನು (9.02)

ಪೇಸ್ಟಿನ ವಿಷಯಕ್ಕೆ ಬರೋಣ. ನಮ್ಮ ತಾಲ್ಲೂಕಿನ ನೀರಿನಲ್ಲಿ ಫ್ಲೋರೈಡ್ ತುಂಬಿದೆ. ನನ್ನ ಹಲ್ಲಿನ ಮೇಲೆ ಕಂದು ಪಟ್ಟಿಗಳಿವೆ. ಕಾಲೇಜಿನಲ್ಲಿ ಫೋಟೊ ತೆಗೆಯುವಾಗ ಬಾಯಿ ಮುಚ್ಚಿಕೊಂಡೇ ನಿಂತೆ. ಲಿಂಬೆಹಣ್ಣು, ಅಡುಗೆ ಸೋಡಾ, ಬೇವಿನ ಪುಡಿ ಎಲ್ಲ ತಿಕ್ಕಿದೆ, ಪಟ್ಟಿ ಹೋಗಲಿಲ್ಲ, ಹಲ್ಲು ಜುಮ್ ಎನ್ನುವುದು ಮಾತ್ರ ಶುರುವಾಯಿತು. ಆ ಫ್ಲೋರೈಡನ್ನೇ ಪೇಸ್ಟಿನಲ್ಲಿ ಹಾಕಿ ಮಾರುತ್ತಾರೆ! ನಾನಂತೂ ಮಗಳಿಗೆ ಬೇವಿನ ಎಣ್ಣೆಯಲ್ಲಿ ಬೆರಳದ್ದಿ ವಸಡು ತಿಕ್ಕುತ್ತೇನೆ. ಅವಳಿಗೆ ಒಂದೂವರೆ ವರ್ಷ.

ಹುಬ್ಬಳ್ಳಿ ದಂತವೈದ್ಯೆ (9.10)

ಪಾವಗಡದವರೇ, ಮೊದಲು ಇದನ್ನು ಓದಿ: ಬೇವಿನ ಎಣ್ಣೆಯನ್ನು ಮಗುವಿನ ಬಾಯಿಗೆ ಹಾಕುವುದನ್ನು ಈ ರಾತ್ರಿಯಿಂದಲೇ ನಿಲ್ಲಿಸಿ. ಕಡ್ಡಿ ಜಗಿಯುವುದು ಬೇರೆ, ಬೀಜದ ಎಣ್ಣೆ ನುಂಗುವುದು ಬೇರೆ. ಎಣ್ಣೆ ಹೊಟ್ಟೆಗೆ ಹೋಗಿ ವಾಂತಿ, ಮಂಪರು, ಫಿಟ್ಸ್ ಬಂದ ಮಕ್ಕಳ ವರದಿಗಳಿವೆ. ಕರ್ಪೂರ, ಲವಂಗದ ಎಣ್ಣೆಯೂ ಚಿಕ್ಕ ಮಕ್ಕಳಿಗೆ ಬೇಡ.

ಫ್ಲೋರೈಡ್ ವಿಷಯದಲ್ಲಿ ನಿಮ್ಮ ಸಿಟ್ಟು ನ್ಯಾಯವಾದದ್ದು. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಮೀರಬಾರದು, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ. ನಿಮ್ಮ ಕಡೆಯ ಎಷ್ಟೋ ಬೋರ್‌ವೆಲ್‌ಗಳು ಅದನ್ನು ದಾಟಿವೆ. ಹಲ್ಲು ದವಡೆಯೊಳಗೆ ರೂಪುಗೊಳ್ಳುವ ಎಳೆಯ ವಯಸ್ಸಿನಲ್ಲಿ ಆ ನೀರು ಕುಡಿದದ್ದರಿಂದ ಬಂದ ಕಲೆ ಅದು, ಹಲ್ಲಿನ ಒಳಗೇ ಸೇರಿದೆ, ತಿಕ್ಕಿದರೆ ಹೋಗುವುದಿಲ್ಲ. ಪೇಸ್ಟಿನ ಫ್ಲೋರೈಡ್ ಮೇಲೆ ಹಚ್ಚಿ ಉಗುಳುವಂಥದ್ದು, ಹುಳುಕು ತಡೆಯುತ್ತದೆ. ಮಗಳಿಗೆ ಅಕ್ಕಿಕಾಳಿನಷ್ಟು ಪೇಸ್ಟ್ ಸಾಕು, ನುಂಗದಂತೆ ಒರೆಸಿ. ಎಲ್ಲಕ್ಕಿಂತ ಮೊದಲು ಅವಳು ಕುಡಿಯುವ ನೀರನ್ನು ಶುದ್ಧ ನೀರಿನ ಘಟಕದಿಂದ ತನ್ನಿ.

ಪಾವಗಡದವನು (9.26)

ಬೇವಿನ ಎಣ್ಣೆಯ ವಿಷಯ ಗೊತ್ತಿರಲಿಲ್ಲ ಡಾಕ್ಟರೇ. ಸೀಸೆಯನ್ನು ಈಗಲೇ ಅಟ್ಟಕ್ಕೆ ಹಾಕಿದೆ. ಮಗಳ ಹಲ್ಲು ನನ್ನ ಹಲ್ಲಿನಂತೆ ಆಗಬಾರದು ಎಂಬ ಆತುರದಲ್ಲಿ ಮಾಡಿದೆ.

ಬಯಲುಸೀಮೆ (9.40)

ಹಾಗಾದರೆ ಲವಂಗ ದೊಡ್ಡವರಿಗೂ ಬೇಡವೇ? ಹಲ್ಲುನೋವಿಗೆ ನಾವು ಅದನ್ನೇ ಹಚ್ಚುವುದು.

ಶಿವಮೊಗ್ಗ ವೈದ್ಯ (9.58)

ಲವಂಗದಲ್ಲಿರುವ ಯುಜಿನಾಲ್ ನೋವನ್ನು ಮರಗಟ್ಟಿಸುತ್ತದೆ. ದಂತವೈದ್ಯರೂ ಅದನ್ನು ಜಿಂಕ್ ಆಕ್ಸೈಡಿನೊಂದಿಗೆ ಕಲಸಿ ತಾತ್ಕಾಲಿಕವಾಗಿ ಹಲ್ಲು ತುಂಬುತ್ತಾರೆ. ಒಂದು ಹನಿಯನ್ನು ಹತ್ತಿಯಲ್ಲಿ ತೆಗೆದುಕೊಂಡು ಹುಳುಕಿನ ತೂತಿಗೆ ಇಡಿ. ವಸಡಿಗೆ ಸುರಿದರೆ ಸುಟ್ಟು ಬೆಳ್ಳಗಾಗುತ್ತದೆ. ಹಸಿ ಬೆಳ್ಳುಳ್ಳಿಯೂ ಹಾಗೆಯೇ ಸುಡುತ್ತದೆ. ಅಕ್ಕಲಕರೆ ಹೂವನ್ನು ಜಗಿದರೆ ಬಾಯಿ ಜುಮುಜುಮು ಎಂದು ಮರಗಟ್ಟುತ್ತದೆ, ಅದೂ ರಾತ್ರಿ ಕಳೆಯಲು ಮಾತ್ರ. ನೋವು ನಿಂತಿತು ಎಂದು ಹುಳುಕು ನಿಲ್ಲುವುದಿಲ್ಲ.

ವಸಡಿಗೆ ನಾನು ಕೊಡುವುದು ಬೇರೆ. ಬಕುಳದ ತೊಗಟೆಯ ಕಷಾಯ, ಕೆಲವರು ರಂಜೆ ಮರ ಎನ್ನುತ್ತಾರೆ. ತ್ರಿಫಲೆಯ ಕಷಾಯ. ಇರಿಮೇದಾದಿ ತೈಲದ ಗಂಡೂಷ. ಗಂಡೂಷವೆಂದರೆ ಬಾಯಿ ತುಂಬ ಹಿಡಿದು ಅಲುಗಾಡಿಸದೆ ಇರುವುದು, ಅಲುಗಾಡಿಸಲು ಜಾಗವಿದ್ದರೆ ಅದು ಕವಲ. ಕಣ್ಣು, ಮೂಗಿನಲ್ಲಿ ನೀರು ಬರುವವರೆಗೆ ಹಿಡಿದು ಉಗುಳಬೇಕು. ಒತ್ತಾಯದಿಂದ ಗಂಟಲಿಗೆ ಎಳೆಯಬಾರದು, ಎಣ್ಣೆ ಶ್ವಾಸಕೋಶಕ್ಕೆ ಹೋದರೆ ಅನಾಹುತ. ಇವೆಲ್ಲ ಕಿಟ್ಟ ತೆಗೆಸಿದ ಮೇಲೆ.

ಮಂಡ್ಯದ ಗಾಣ (10.15)

ಆಯಿತು. ತೆಗೆಸಿದ ಮೇಲೆ ಎಂದು ನೀವೇ ಹೇಳಿದ ಮೇಲೆ ನಾನು ವಾದಿಸುವುದಿಲ್ಲ. ದಂತಶಂಕುವಿನ ವಿಷಯ ಓದಿ ಸಂತೋಷವಾಯಿತು. ನಾನು ಸುಶ್ರುತರನ್ನು ಹೊಗಳುತ್ತಿದ್ದೆ, ಓದಿರಲಿಲ್ಲ.

ಹರಿಹರದ ನೇಕಾರ್ತಿ (ಮಂಗಳವಾರ, ಬೆಳಿಗ್ಗೆ 6.30)

ರಾತ್ರಿ ಎಲ್ಲ ಓದಿದೆ. ಒಂದು ಮಾತು ಯಾರೂ ಹೇಳಲಿಲ್ಲ, ನಾನು ಹೇಳುತ್ತೇನೆ. ನಮ್ಮ ಅಮ್ಮ ಕಡ್ಡಿಪುಡಿ, ಅಂದರೆ ಹೊಗೆಸೊಪ್ಪಿನ ಕಡ್ಡಿಯ ಪುಡಿ, ಉಜ್ಜುತ್ತಿದ್ದರು. ಹಲ್ಲುನೋವಿಗೆಂದು ಪಕ್ಕದ ಮನೆಯವರು ಕಲಿಸಿದ್ದು, ಮೂವತ್ತು ವರ್ಷ ಬಿಡಲಿಲ್ಲ. ಮಗ್ಗದ ಮುಂದೆ ಕೂತಾಗಲೂ ಕೆಳದುಟಿಯ ಒಳಗೆ ಒಂದು ಚಿಟಿಕೆ ಇರುತ್ತಿತ್ತು. ಅವರ ಪಾಲಿಗೆ ಅದೂ ಒಂದು ಗಿಡದ ಎಲೆ, ಅದೂ ನಾಟಿ ಔಷಧಿ. ದವಡೆಯ ಪಕ್ಕದಲ್ಲಿ ಬಿಳಿ ಮಚ್ಚೆ ಕಾಣಿಸಿಕೊಂಡು ಎರಡು ವರ್ಷ ಸುಮ್ಮನಿದ್ದೆವು. ನೋವಿರಲಿಲ್ಲ, ಅದಕ್ಕೆ. ಆಮೇಲೆ ಆಪರೇಷನ್, ಅರ್ಧ ದವಡೆ ಹೋಯಿತು. ಈಗ ಗಂಜಿ ಕುಡಿಯುತ್ತಾರೆ. ದಯವಿಟ್ಟು ನಿಮ್ಮ ಮನೆಯಲ್ಲಿ ಯಾರಾದರೂ ಕಡ್ಡಿಪುಡಿ, ನಶ್ಯ, ಹೊಗೆಸೊಪ್ಪಿನ ಪುಡಿ ಉಜ್ಜುತ್ತಿದ್ದರೆ ಬಾಯಿ ತೆರೆಸಿ ನೋಡಿ.

ಹುಬ್ಬಳ್ಳಿ ದಂತವೈದ್ಯೆ (7.05)

ಅಕ್ಕಾ, ಇದನ್ನು ಇಲ್ಲಿ ಬರೆದದ್ದಕ್ಕೆ ನಿಮಗೆ ಕೈ ಮುಗಿಯುತ್ತೇನೆ. ಹಲ್ಲುಪುಡಿ, ಪೇಸ್ಟಿನಲ್ಲಿ ತಂಬಾಕು ಹಾಕುವುದನ್ನು ಸರ್ಕಾರ 1992ರಲ್ಲೇ ನಿಷೇಧಿಸಿದೆ. ಆದರೆ ಬಿಡಿ ಪುಡಿ ಪ್ರತಿ ಹಳ್ಳಿಯ ಅಂಗಡಿಯಲ್ಲೂ ಸಿಗುತ್ತದೆ, ಹೆಂಗಸರು ಸೆರಗಿನ ಗಂಟಿನಲ್ಲಿ ಇಟ್ಟುಕೊಂಡಿರುತ್ತಾರೆ. ಒರೆಸಿದರೆ ಹೋಗದ ಬಿಳಿ ಅಥವಾ ಕೆಂಪು ಮಚ್ಚೆ, ಎರಡು ವಾರವಾದರೂ ಮಾಯದ ಹುಣ್ಣು ಕಂಡರೆ ಮನೆಮದ್ದು ಮಾಡುತ್ತ ಕೂರಬಾರದು.

ಅಡುಗೆಮನೆ ಅತ್ತೆ (7.20)

ಹರಿಹರದ ತಾಯಿ ಬೇಗ ಚೇತರಿಸಿಕೊಳ್ಳಲಿ. ಗಂಜಿಗೆ ಸ್ವಲ್ಪ ಹೆಸರುಬೇಳೆ ಬೇಯಿಸಿ ಕಿವುಚಿ ಹಾಕಿ, ತುಪ್ಪ ಬಿಡಿ, ಶಕ್ತಿ ಬರುತ್ತದೆ.

ಹೊಸದುರ್ಗದ ಮಗಳು (ಇಪ್ಪತ್ತು ದಿನಗಳ ನಂತರ, ಭಾನುವಾರ)

ಎಲ್ಲರಿಗೂ ವಿಷಯ ತಿಳಿಸಬೇಕು. ಸಕ್ಕರೆ ಪರೀಕ್ಷೆ ಮಾಡಿಸಿದೆವು, ಊಟಕ್ಕೆ ಮೊದಲು 190 ಇತ್ತು. ಮಾತ್ರೆ ಶುರುವಾಗಿದೆ, ಬಿಪಿಯ ಮಾತ್ರೆಯನ್ನೂ ವೈದ್ಯರು ಬದಲಾಯಿಸಿದರು. ವಸಡು ನೋಡದಿದ್ದರೆ ಸಕ್ಕರೆ ಇರುವುದೇ ನಮಗೆ ಗೊತ್ತಾಗುತ್ತಿರಲಿಲ್ಲ.

ಅಮ್ಮನನ್ನು ಒಪ್ಪಿಸಿದ್ದು ಶಿವಮೊಗ್ಗ ವೈದ್ಯರ ಶ್ಲೋಕ. ಮೊಬೈಲ್‌ನಲ್ಲಿ ಎರಡು ಸಲ ಓದಿ ಹೇಳಿದೆ. "ಹಾಗಾದರೆ ಇದು ನಮ್ಮದೇ ಪದ್ಧತಿ" ಎಂದು ಹೊರಟುಬಂದರು. ಕಿಟ್ಟ ತೆಗೆಯುವಾಗ ದಂತವೈದ್ಯರು ಕೈಗನ್ನಡಿ ಕೊಟ್ಟು ತೋರಿಸಿದರು. ಕೆಳಗಿನ ಹಲ್ಲುಗಳ ಹಿಂದೆ ಹಳದಿ ಕಟ್ಟೆ, ಹುಬ್ಬಳ್ಳಿ ಡಾಕ್ಟರ್ ಹೇಳಿದಂತೆಯೇ. ಒಂದು ತುಂಡು ಟ್ರೇಗೆ ಟಣ್ ಎಂದು ಬಿತ್ತು. ಅಮ್ಮ ಅದನ್ನು ಬೆರಳಲ್ಲಿ ಹಿಡಿದು, "ಇದು ಕಲ್ಲೇ ಅಲ್ಲವೇ" ಎಂದರು. ಮೂರು ಸಲ ಹೋದೆವು. ಮೊದಲ ವಾರ ತಣ್ಣೀರು ಕುಡಿದರೆ ಜುಮ್ ಎನ್ನುತ್ತಿತ್ತು, ಸಂದು ಕಾಣುತ್ತದೆ ಎಂದು ಗೊಣಗಿದರು. ಈಗ ರಕ್ತ ನಿಂತಿದೆ. ರಾತ್ರಿ ಊಟವಾದ ಮೇಲೆ ಮೆದು ಬ್ರಶ್, ಬೆಳಿಗ್ಗೆ ತ್ರಿಫಲೆಯ ಕಷಾಯ. ವಸಡು ಪೂರ್ತಿ ಮಾಯುವವರೆಗೆ ಕಡ್ಡಿ ಬೇಡ ಎಂದಿದ್ದಾರೆ. ಅಮ್ಮನಿಗೆ ಅದೊಂದೇ ಬೇಸರ. ಬೆಳಿಗ್ಗೆ ಕಲ್ಲಿನ ಮೇಲೆ ಕುಳಿತು ಮರವನ್ನು ನೋಡುತ್ತಿರುತ್ತಾರಂತೆ.

ತೀರ್ಥಹಳ್ಳಿ ತೋಟ (ಅದೇ ದಿನ)

ತಂಗಿ, ಬಹಳ ಸಂತೋಷ. ನಾನು ಮೊದಲ ದಿನ ಕ್ಲೀನಿಂಗ್ ಬೇಡ ಎಂದದ್ದು ತಪ್ಪು. ಅಮ್ಮ ಮತ್ತೆ ಕಡ್ಡಿ ಹಿಡಿಯುವಾಗ ಎಳೆಯ ಕೊಂಬೆ ಆರಿಸಲಿ. ಬೇಸಿಗೆಯಲ್ಲಿ ಒಣಗಿ ಗಡುಸಾಗಿದ್ದರೆ ರಾತ್ರಿ ನೀರಿನಲ್ಲಿ ನೆನೆಸಿಟ್ಟರೆ ನಾರು ಮೆತ್ತಗಾಗುತ್ತದೆ.

ಶಿವಮೊಗ್ಗ ವೈದ್ಯ

ಕಿರುಬೆರಳ ದಪ್ಪ ಮರೆಯಬೇಡಿ. ಆರು ತಿಂಗಳಿಗೊಮ್ಮೆ ದಂತವೈದ್ಯರಿಗೆ ತೋರಿಸಿ.

ಹರಿಹರದ ನೇಕಾರ್ತಿ

ಅಮ್ಮನ ಬಾಯಿ ಗುಣವಾಯಿತಲ್ಲ, ಒಳ್ಳೆಯದಾಗಲಿ. ಮನೆಯಲ್ಲಿ ಬೇರೆಯವರದ್ದೂ ನೋಡಿದಿರಾ?

ಹೊಸದುರ್ಗದ ಮಗಳು

ನೋಡಿದೆ ಅಕ್ಕಾ. ನೀವು ಬರೆದದ್ದನ್ನು ಓದಿದ ದಿನವೇ ಅಣ್ಣನ ನೆನಪಾಯಿತು, ಹೊಲಕ್ಕೆ ಹೋಗುವ ಮೊದಲು ಅವನೂ ಕಡ್ಡಿಪುಡಿ ಉಜ್ಜುತ್ತಾನೆ. ಹಬ್ಬಕ್ಕೆ ಹೋದಾಗ ಟಾರ್ಚ್ ಹಿಡಿದು ಬಾಯಿ ತೆರೆಸಿದೆ. ಕೆಳದುಟಿಯ ಒಳಗೆ ಬೆರಳಗಲ ಬೆಳ್ಳಗಿದೆ, ಬಟ್ಟೆಯಿಂದ ಒರೆಸಿದರೂ ಹೋಗಲಿಲ್ಲ. ನೋವಿಲ್ಲ ಎನ್ನುತ್ತಾನೆ. ನಾಳೆ ಬೆಳಿಗ್ಗೆ ಮೊದಲ ಬಸ್ಸಿಗೆ ಅವನನ್ನು ಕರೆದುಕೊಂಡು ಹೊರಡುತ್ತಿದ್ದೇನೆ.